ಗಡಿಗೆಯ ಬಾಯಿ ಮುಚ್ಚಿದವರು ಯಾರು?

ನಮ್ಮಣ್ಣನ ಮಗ ಇಂಜಿನಿಯರಿಂಗ್ ಓದುತ್ತಿರುವವನು. ರಜೆಗೆಂದು ನಮ್ಮಲ್ಲಿಗೆ ಬಂದವನು ಮೂರು ದಿನ ಮೊಬೈಲಿನಿಂದ ತಲೆಯೆತ್ತಲಿಲ್ಲ. ಊಟಕ್ಕೆ ಕರೆದರೆ "ಈ ಅಧ್ಯಾಯ ಮುಗೀಲಿ ಅತ್ತೆ" ಎನ್ನುತ್ತಿದ್ದ. ಅಂತೂ ಓದುತ್ತಿದ್ದಾನಲ್ಲ ಎಂದು ಸಂತೋಷಪಟ್ಟೆ. ಏನು ಓದುತ್ತಿದ್ದಾನೆಂದು ತಿಳಿದ ಮೇಲೆ ಆ ಸಂತೋಷ ಅರ್ಧಕ್ಕಿಳಿಯಿತು.

ಚೀನಾದಲ್ಲಿ ಇಂಟರ್‌ನೆಟ್ಟಿನಲ್ಲಿ ಕಂತುಕಂತಾಗಿ ಬರುವ ಕಾದಂಬರಿಗಳ ಒಂದು ಜಾತಿಯಿದೆ. ಉಸಿರು, ಧ್ಯಾನ, ಮದ್ದುಗಳಿಂದ ಮೆಟ್ಟಿಲುಮೆಟ್ಟಿಲಾಗಿ ಶಕ್ತಿ ಗಳಿಸುತ್ತ ಅಮರರಾಗಲು ಹೊರಟವರ ಕಥೆಗಳಿವು. ಕೆಲವದರಲ್ಲಿ ಖಳನೇ ನಾಯಕ. ಅಂಥದ್ದರಲ್ಲಿ ಬಹಳ ಹೆಸರಾದದ್ದು 2012ರಲ್ಲಿ ಶುರುವಾದ 'ಗು ಝೆನ್ ರೆನ್'. ಇಂಗ್ಲಿಷಿನಲ್ಲಿ ಅದು 'ರೆವರೆಂಡ್ ಇನ್ಸ್ಯಾನಿಟಿ'. ಅಧ್ಯಾಯಗಳು 2,300ಕ್ಕೂ ಹೆಚ್ಚು. 2019ರಲ್ಲಿ ಚೀನಾದಲ್ಲಿ ಅದನ್ನು ತೆಗೆದುಹಾಕಿದರು, ಕಥೆ ಅರ್ಧಕ್ಕೇ ನಿಂತಿತು. ತೆಗೆದುಹಾಕಿ ಸಾಧಿಸಿದ್ದೇನು? ನಮ್ಮ ಹುಡುಗ ನಮ್ಮ ಮನೆಯ ಜಗಲಿಯಲ್ಲೇ ಕೂತು ಓದುತ್ತಿದ್ದಾನೆ!

ನಾಯಕ ಫಾಂಗ್ ಯುವಾನ್ 500 ವರ್ಷ ಬದುಕಿ, ಮತ್ತೆ 15ರ ಹುಡುಗನಾಗಿ ಹಿಂದಕ್ಕೆ ಬಂದವನು. ಅಮರತ್ವಕ್ಕಾಗಿ ಯಾರನ್ನು ಬೇಕಾದರೂ ಕೊಲ್ಲುತ್ತಾನೆ. ಕೋಪವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. "ಅವನು ಪ್ರಾಮಾಣಿಕ ಅತ್ತೆ. ಉಳಿದವರು ಒಳ್ಳೆಯವರ ಹಾಗೆ ನಾಟಕ ಆಡ್ತಾರೆ, ಅಷ್ಟೇ ವ್ಯತ್ಯಾಸ" ಎಂದ ನಮ್ಮ ಹುಡುಗ. ನಂಬಿಸಿ ಕೊಲ್ಲುವವನು ಪ್ರಾಮಾಣಿಕನೇ? ತನಗೆ ತಾನು ಸುಳ್ಳು ಹೇಳಿಕೊಳ್ಳದಿರುವುದೇ ಪ್ರಾಮಾಣಿಕತೆಯಾದರೆ ಹಾಲು ಕದಿಯುವ ಬೆಕ್ಕೂ ಪ್ರಾಮಾಣಿಕ.

ಬೈಯುವ ಮೊದಲು ಓದೋಣವೆಂದು ಮೊದಲ ಅಧ್ಯಾಯಗಳನ್ನು ಓದಿದೆ. ಆ ಊರಿನಲ್ಲಿ 15 ತುಂಬಿದ ಮಕ್ಕಳಿಗೆಲ್ಲ ಒಂದು ಪರೀಕ್ಷೆ. ಚಿಕ್ಕಂದಿನಿಂದ ಜಾಣನೆನಿಸಿಕೊಂಡ ಫಾಂಗ್ ಯುವಾನನಿಗೆ 'ಸಿ' ದರ್ಜೆ, ಅವಳಿ ತಮ್ಮನಿಗೆ 'ಎ'. ಒಂದೇ ದಿನದಲ್ಲಿ ಊರಿನವರ ಮುಖ ಬದಲಾಗುತ್ತದೆ. ಮುಂದೆ ಅವನು ಶಾಲೆಯ ಬಾಗಿಲಲ್ಲೇ ಸಹಪಾಠಿಗಳನ್ನು ಹೊಡೆದು, ಹಣದಂತೆ ಚಲಾವಣೆಯಾಗುವ ಕಲ್ಲುಗಳನ್ನು ಕಿತ್ತುಕೊಳ್ಳುತ್ತಾನೆ. ಅಲ್ಲಿನ ಗುರುವಿಗೆ ಇದೆಲ್ಲ ಗೊತ್ತು. ಮಕ್ಕಳಿಗೆ ಪೈಪೋಟಿ ಬರಲಿ ಎಂದು ಸುಮ್ಮನಿರುತ್ತಾನೆ.

ಇಲ್ಲಿ ನನಗೆ ಮೈ ಉರಿಯಿತು, ಆಮೇಲೆ ನಾಚಿಕೆಯಾಯಿತು. ಹದಿನೈದು ಎಂದರೆ ನಮ್ಮ ಎಸ್ಸೆಸ್ಸೆಲ್ಸಿಯ ವಯಸ್ಸು. ಮೊದಲನೆಯವರಿಂದ ಕೊನೆಯವರವರೆಗೆ ತರಗತಿಯಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದಿದವಳು ನಾನೂ ಹೌದು. ಇದೇ ಹುಡುಗನನ್ನು ಗೃಹಪ್ರವೇಶದ ಪಂಕ್ತಿಯಲ್ಲಿ, ಎಲ್ಲರೆದುರು, "ನಿನ್ನ ತಮ್ಮನಿಗಿಂತ ಎಷ್ಟು ಕಡಿಮೆ?" ಎಂದು ಕೇಳಿದವಳೂ ನಾನೇ. ಅವನು ಅರ್ಧ ಊಟಕ್ಕೇ ಎದ್ದಿದ್ದ.

'ಗು' ಎಂಬುದು ಚೀನೀಯರ ಹಳೆಯ ನಂಬಿಕೆಯೊಂದರ ಹೆಸರು. ವಿಷದ ಹುಳುಗಳನ್ನೆಲ್ಲ ಒಂದು ಗಡಿಗೆಗೆ ಹಾಕಿ ಬಾಯಿ ಮುಚ್ಚುತ್ತಾರೆ. ಒಂದನ್ನೊಂದು ತಿಂದು ಕೊನೆಗೆ ಉಳಿದದ್ದೇ 'ಗು'. ಈ ಕಥೆಗಳ ಅಭಿಮಾನಿಗಳು ಉಳಿದ ಹುಳುವನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ, ಲೋಕವೇ ಹೀಗೆ ಎನ್ನುತ್ತಾರೆ. ಲೋಕ ಹೀಗಲ್ಲ, ಗಡಿಗೆ ಹೀಗೆ! ನನ್ನ ಜಗಳ ಇರುವುದು ಇಲ್ಲೇ.

"ಹಾಸ್ಟೆಲಿನಲ್ಲಿ ನಿನಗೆ ಡೆಂಗಿ ಬಂದಾಗ ರಾತ್ರಿಯೆಲ್ಲ ಎಚ್ಚರವಿದ್ದು ಗಂಜಿ ಕುಡಿಸಿದವರು ಯಾರು?" ಎಂದು ಕೇಳಿದೆ.

"ರೂಂಮೇಟ್."

"ಅವನಿಗೇನು ಲಾಭವಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟ. "ಈ ಕಾದಂಬರಿ ಓದು ಅಂತ ಕೊಟ್ಟವನೂ ಅವನೇ ಅತ್ತೆ."

ನಾನೂ ನಕ್ಕೆ. ಇದನ್ನು ಓದಿದವನೇ ಗಂಜಿಯನ್ನೂ ಕುಡಿಸುತ್ತಾನೆ ಎಂದಾದರೆ ಪುಸ್ತಕಕ್ಕೆ ಹೆದರುವುದು ಬೇಡ. ಆದರೆ ಆ ಖಳನ ಮಾತು ನಮ್ಮ ಮಕ್ಕಳಿಗೆ ಇಷ್ಟು ಸುಲಭವಾಗಿ ನಿಜವೆನಿಸಿತಲ್ಲ, ಅದಕ್ಕೆ ಹೆದರಬೇಕು.

ಆದ್ದರಿಂದ ಅಮ್ಮಂದಿರೇ, ಅತ್ತೆಯರೇ, ಮಕ್ಕಳ ಮೊಬೈಲ್ ಕಸಿದುಕೊಳ್ಳುವ ಮೊದಲು ಇಷ್ಟು ಮಾಡಿ. ಮುಂದಿನ ಸಲ ಫಲಿತಾಂಶ ಬಂದ ದಿನ ಮಗುವಿಗೆ ಹೊಟ್ಟೆ ತುಂಬ ಊಟ ಹಾಕಿ. ಪಕ್ಕದ ಮನೆಯವರ ಅಂಕ ಎಷ್ಟೆಂದು ಮಾತ್ರ ಕೇಳಬೇಡಿ. ನಾನಂತೂ ಈ ವರ್ಷ ತರಗತಿಯಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದಲಿಲ್ಲ.