ಹೆರಿಗಿ ಮನಿ, ಪರ್ತ್ ಟೆಸ್ಟು

ಪರ್ತ್ ಟೆಸ್ಟ್ 2024ರ ನವೆಂಬರ್ 22ಕ್ಕ ಶುರು ಇತ್ತು. ನ್ಯೂಜಿಲೆಂಡ್ ಕೈಯಾಗ 3-0 ಸೋತು ಹೊಂಟ ಟೀಮು, ಇಂಥಾದ್ರಾಗ ಆಗಿನ ಕ್ಯಾಪ್ಟನ್ ರೋಹಿತ್ ಕೂಸು ಹುಟ್ಟೇತಂತ ಮನ್ಯಾಗ ಕುಂತ್ರ ಹೆಂಗ ಅಂತ ನಮ್ಮನಿ ಗಂಡಸರ ಚರ್ಚೆ ನಡದಿತ್ತು. ‘ಹಡಿಯಾಕಿ ಹೆಂಡತಿ, ಇವಂಗೇನು ಕೆಲಸ ಅಲ್ಲಿ?’ ಅಂದ್ರು ಕಾಕಾ. (ಮೂರನೇ ಚಾ ಕುಡಕೋತ.)

ಅಲ್ರೀ, 2020ರಾಗೂ ಇದ ರಾಗ ಇತ್ತು. ಅಡಿಲೇಡ್‌ನಾಗ 36ಕ್ಕ ಆಲೌಟ್ ಆದ ಮ್ಯಾಲೆ ಕೊಹ್ಲಿ ಹೆಂಡತಿ ಹೆರಿಗಿಗಂತ ವಾಪಸ್ ಬಂದ. ಇನ್ನ 4-0 ಅಂದ್ರು ಭಾಳ ಮಂದಿ. ಮೆಲ್ಬರ್ನ್‌ನಾಗ ರಹಾನೆ ಸೆಂಚುರಿ ಹೊಡದು ಗೆಲ್ಲಿಸಿದ. 2021ರ ಜನವರಿ 11ಕ್ಕ ಕೊಹ್ಲಿಗೆ ಮಗಳು ಹುಟ್ಟಿದ್ಲು. ಅವತ್ತ ಸಿಡ್ನಿಯೊಳಗ ಕಾಲು ನೋವಿನ ವಿಹಾರಿ, ಬೆನ್ನು ನೋವಿನ ಅಶ್ವಿನ್ ಕೂಡಿ ಟೆಸ್ಟ್ ಉಳಿಸಿದ್ರು. ಮುಂದ ಎಂಟ ದಿನಕ್ಕ ಗಾಬಾನೂ ಗೆದ್ದು ಸರಣಿ 2-1.

ರೋಹಿತ್ ಇಲ್ಲಂದ್ರ ಬ್ಯಾಟಿಂಗ್ ಸ್ವಲ್ಪ ಸೊರಗತಿತ್ತು, ಖರೆ. ಓಪನಿಂಗಿಗೆ ನಮ್ಮ ರಾಹುಲ್ ಇದ್ದ, ಕ್ಯಾಪ್ಟನ್ ಆಗಾಕ ಬುಮ್ರಾ ಇದ್ದ. ಐದು ಟೆಸ್ಟಿನ್ಯಾಗ ಒಂದು ಬಿಟ್ಟು ಬಾಣಂತಿ ಮಗ್ಗಲಕ್ಕ ಇದ್ರ ಯಾರ ಗಂಟು ಹೋಗತಿತ್ರೀ? ಡಿಸೆಂಬರ್ 6ಕ್ಕ ಅಡಿಲೇಡ್ ಇತ್ತಲ್ಲ, ಅಷ್ಟೊತ್ತಿಗೆ ಬಂದ್ರ ಸಾಕಿತ್ತು ಬಿಡ್ರಿ.