ಹೂಮಳೆ ಬಲ್ಲವರಿಗೆ ಆರ್ಕಿಡ್ ಒಲಿಯದೇ?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಜಮಾ-ಖರ್ಚಿನ ಮಂಡನೆ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ಸನ್ಮಾನಿತರಿಗೆ ಶಾಲು-ಹಾರಗಳ ಬದಲು ಆರ್ಕಿಡ್ ಕುಂಡ ಕೊಡುವ ಪದ್ಧತಿಯನ್ನು ನಮ್ಮ ಸಂಘ ಇಟ್ಟುಕೊಂಡಿದೆಯಷ್ಟೆ. "ಕಾರ್ಯದರ್ಶಿಗಳೇ, ನೀವು ಕೊಟ್ಟ ಗಿಡ ಎರಡು ತಿಂಗಳು ಚೆನ್ನಾಗಿಯೇ ಹೂ ಬಿಟ್ಟಿತ್ತು, ಒಪ್ಪುತ್ತೇನೆ. ಆಮೇಲೆ ಎರಡು ವರ್ಷವಾಯಿತು, ಒಂದು ಮೊಗ್ಗೂ ಇಲ್ಲ. ಒಂದೇ ಸಲ ಹೂ ಬಿಡುವ ಗಿಡಕ್ಕೆ ಸಂಘದ ಹಣವೇಕೆ? ಮುಂದಿನ ಸಲ ಸ್ಟೀಲ್ ತಂಬಿಗೆ ಕೊಡಿ" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಹೇಳಲು ಸಮಯವಿರಲಿಲ್ಲ. ಊಟಕ್ಕೆ ಎಲೆ ಹಾಕಿ ಆಗಿತ್ತು. ಆ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮರುವಾರ ಅವರ ಮನೆಗೇ ಹೋಗಿ ಗಿಡ ನೋಡಿದೆ. ನಡುಮನೆಯಲ್ಲಿ ಟಿ.ವಿ.ಯ ಪಕ್ಕ, ಪಿಂಗಾಣಿ ಕುಂಡದೊಳಗೆ ಇತ್ತು. ಎಲೆ ಕಡುಹಸಿರು, ಆದರೆ ಜೋತುಬಿದ್ದಿತ್ತು. ಕುಂಡದ ತಳಕ್ಕೆ ತೂತಿಲ್ಲ. ಬಗ್ಗಿಸಿದರೆ ನೀರು ಸುರಿಯಿತು. "ದಿನಾ ಬೆಳಿಗ್ಗೆ ಒಂದು ಲೋಟ ನೀರು, ಒಂದು ದಿನವೂ ತಪ್ಪಿಸಿಲ್ಲ" ಎಂದು ಮನೆಯ ಯಜಮಾನಿ ಅಭಿಮಾನದಿಂದಲೇ ಹೇಳಿದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಮೊದಲ ವರ್ಷ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟು ಮೂರು ಗಿಡ ಕೊಳೆಸಿದವನು ನಾನು.

ನಾನು ಹೇಳಬೇಕಾದದ್ದು ಇಷ್ಟೇ: ಆರ್ಕಿಡ್ ಮತ್ತೆ ಹೂ ಬಿಡದಿರುವುದು ಬಹುಪಾಲು ಆರೈಕೆ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಇದು ಕಾಫಿ ಬೆಳೆಗಾರನಿಗೆ ತಿಳಿಯದ ವಿದ್ಯೆಯೇನಲ್ಲ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಗಿಡ ಬಾಡಿದಂತಿದ್ದರೂ ನಾವು ಗಾಬರಿಯಾಗುವುದಿಲ್ಲ. ಆ ಒಣಗು ಇದ್ದರೇ ಮೊಗ್ಗು ಬಲಿತು, ಹೂಮಳೆ ಬಿದ್ದ 8-10 ದಿನಕ್ಕೆ ತೋಟ ಬೆಳ್ಳಗಾಗುವುದು ಎಂಬುದನ್ನು ಬಲ್ಲೆವು. ವೆನಿಲ್ಲಾ ಬೆಳೆದವರಿಗೂ ನೆನಪಿರಬಹುದು: ಬಳ್ಳಿಯ ತುದಿ ಚಿವುಟಿ, ನೀರು ಹಿಡಿದು ಹೂವಿಗೆ ಕಾಯುತ್ತಿದ್ದೆವು. ವೆನಿಲ್ಲಾ ಆರ್ಕಿಡ್ ಕುಟುಂಬದ್ದೇ. ಆಗ್ನೇಯ ಏಷ್ಯಾದ ಡೆಂಡ್ರೋಬಿಯಂ ಕ್ರುಮೆನೇಟಮ್ ಎಂಬ ಆರ್ಕಿಡ್ ಅಂತೂ ಕಾಫಿಯ ಒಡಹುಟ್ಟಿನಂತೆ ನಡೆದುಕೊಳ್ಳುತ್ತದೆ. ಗುಡುಗು-ಮಳೆ ಬಂದು ಹವೆ ಥಟ್ಟನೆ ತಣ್ಣಗಾದರೆ ಸುಮಾರು 9ನೆಯ ದಿನ ಆ ಸೀಮೆಯ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ. ಹೂವಿಗೆ ಒಂದು ಸೂಚನೆ ಬೇಕು. ನಡುಮನೆಯ ಮೂಲೆಯಲ್ಲಿ ವರ್ಷವಿಡೀ ಒಂದೇ ಹವೆ, ಒಂದೇ ಲೋಟ ನೀರು. ಸೂಚನೆ ಎಲ್ಲಿಂದ ಬರಬೇಕು?

ಸಂಘ ಕೊಟ್ಟ ಗಿಡಗಳಲ್ಲಿ ಎರಡು ಬಗೆ. ಅಗಲ ಎಲೆಯ, ಪತಂಗದಂತಹ ಹೂವಿನದು ಫಲೆನಾಪ್ಸಿಸ್. ಅದಕ್ಕೆ ಚಳಿಯೇ ಸೂಚನೆ. ನವೆಂಬರಿನಿಂದ ಜನವರಿಯವರೆಗೆ ಪೂರ್ವದ ಜಗಲಿಯಲ್ಲಿಟ್ಟರೆ ನಮ್ಮ ಮಲೆನಾಡಿನ ರಾತ್ರಿಗಳೇ ಆ ಕೆಲಸ ಮಾಡುತ್ತವೆ. ನೀರು ಕೂಡಿಡುವ ಗೆಡ್ಡೆ ಅದಕ್ಕಿಲ್ಲ. ಆದ್ದರಿಂದ ಪೂರ್ತಿ ಒಣಗಿಸಬಾರದು. ಹೂ ಉದುರಿದ ಮೇಲೆ ದಂಡು ಹಸಿರಾಗಿದ್ದರೆ ಬುಡದಿಂದ ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಸಿ, ಅಲ್ಲಿಂದಲೇ ಕವಲೊಡೆಯಬಹುದು. ಗಿಡ ಸೊರಗಿದ್ದರೆ ಬುಡಕ್ಕೇ ತೆಗೆದು ವಿಶ್ರಾಂತಿ ಕೊಡಿ.

ಕಬ್ಬಿನ ಜಲ್ಲೆಯಂತೆ ಗಿಣ್ಣುಗಿಣ್ಣಾಗಿ ನಿಲ್ಲುವುದು ಡೆಂಡ್ರೋಬಿಯಂ. ಪೇಟೆಯಲ್ಲಿ ಸಿಗುವ ನೇರಳೆ ಹೂವಿನ ಜಾತಿಗೆ ಬೇಕಾದದ್ದು ಬೆಳಕು, ಅರ್ಧ ನೆರಳಿನ ಅಂಗಳದಷ್ಟು. ಎಲೆ ಕಡುಹಸಿರಾದರೆ ಬೆಳಕು ಸಾಲದು. ತುಸು ಹಳದಿ ಮಿಶ್ರಿತ ಹಸಿರು ಒಳ್ಳೆಯ ಲಕ್ಷಣ. ಎಲೆ ಉದುರಿದ ಹಳೆಯ ಜಲ್ಲೆಯನ್ನು ಸತ್ತಿತೆಂದು ಕತ್ತರಿಸಬೇಡಿ. ಗಿಡದ ಕಣಜ ಅದು, ಮತ್ತೆ ಹೂವನ್ನೂ ಕೊಡಬಲ್ಲದು. ನೊಬೈಲ್ ಜಾತಿಯದಾದರೆ ಚಳಿಗಾಲದಲ್ಲಿ ನೀರು ತೀರ ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಬೇಕು.

ಎರಡಕ್ಕೂ ಮಣ್ಣು ಬೇಡ. ಇವು ಮರದ ಮೇಲೆ ಗಾಳಿಯಲ್ಲಿ ಬೇರು ಬಿಡುವ ಜಾತಿ. ತೂತಿರುವ ಕುಂಡ, ಇದ್ದಿಲು, ಹೆಂಚಿನ ಚೂರು, ಚೆನ್ನಾಗಿ ತೊಳೆದ ತೆಂಗಿನ ಮಟ್ಟೆಯ ತುಂಡು ಇದ್ದರೆ ಸಾಕು. ನೀರು ಯಾವಾಗ ಎಂಬುದನ್ನು ಬೇರೇ ಹೇಳುತ್ತದೆ: ಹಸಿರಾಗಿದ್ದರೆ ಬೇಡ, ಬೂದಿಬಿಳುಪಾದರೆ ಕೊಡಿ. ಬೆಳೆಯುವ ಕಾಲದಲ್ಲಿ ಲೀಟರಿಗೆ ಅರ್ಧ ಗ್ರಾಂ 19:19:19 ಹತ್ತು ಹದಿನೈದು ದಿನಕ್ಕೊಮ್ಮೆ ಧಾರಾಳವಾಯಿತು. ಅಡಿಕೆಗೆ ಹೊಡೆದು ಮಿಕ್ಕ ಬೋರ್ಡೋ ದ್ರಾವಣವನ್ನು ಮಾತ್ರ ಇದಕ್ಕೆ ಹೊಡೆಯಬೇಡಿ. ತಾಮ್ರ ಹಲವು ಆರ್ಕಿಡ್‌ಗಳಿಗೆ, ವಿಶೇಷವಾಗಿ ಡೆಂಡ್ರೋಬಿಯಂಗೆ, ಒಗ್ಗುವುದಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ಸಲಹೆಯೂ ಬಂತು. "ದುಡ್ಡು ಕೊಟ್ಟು ತರುವುದೇಕೆ? ಕಾಡಿನಲ್ಲಿ ಸೀತಾಳೆ ದಂಡೆ ಬೇಕಾದಷ್ಟಿದೆ, ಇಬ್ಬರು ಆಳು ಕಳಿಸಿದರೆ ಒಂದು ಗೋಣಿ ಬರುತ್ತದೆ." ಇದಕ್ಕೆ ನನ್ನ ಪೂರ್ಣ ವಿರೋಧವಿದೆ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧವೆಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು, ಅದರ ಬೀಜದಲ್ಲಿ ಆಹಾರದ ದಾಸ್ತಾನೇ ಇಲ್ಲ. ದೂಳಿನಂತಹ ಆ ಬೀಜ ಮೊಳೆಯಬೇಕಾದರೆ ಮರದ ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಗಬೇಕು. ಹೂ ಬಿಡುವಷ್ಟಾಗಲು ವರ್ಷಗಳೇ ಬೇಕು. ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆ ಬೀಜ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನುಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಪ್ರಯೋಗಾಲಯದಲ್ಲಿ ಸಾವಿರಗಟ್ಟಲೆ ಬೆಳೆಸಿದ ಸಸಿ ಇಂದು ಕೈಗೆಟಕುವ ಬೆಲೆಗೆ ಸಿಗುವಾಗ ಕಾಡಿಗೆ ಕತ್ತಿ ಹಿಡಿದು ಹೋಗಬೇಕಾದ ದರ್ದು ಏನು? ಗೋಣಿಯಲ್ಲಿ ಬಂದ ಸೀತಾಳೆ ಬಹುಪಾಲು ಜಗಲಿಯಲ್ಲೇ ಒಣಗುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ತೋಟದಲ್ಲೇ ಮಾಡಬಹುದಾದ ಕೆಲಸವೊಂದಿದೆ. ಮರಗಸಿ ಮಾಡುವಾಗ ಕೊಂಬೆಯೊಂದಿಗೆ ಸೀತಾಳೆ ನೆಲಕ್ಕೆ ಬೀಳುತ್ತದೆ. ಬದನಿಕೆಯೆಂದು ಆಳುಗಳು ಅದನ್ನು ಬದಿಗೆಸೆಯುತ್ತಾರೆ. ಬದನಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರವನ್ನು ಆಧರಿಸಿ ನಿಲ್ಲುವುದಷ್ಟೆ. ಬಿದ್ದದ್ದನ್ನು ಮಳೆ ಹಿಡಿಯುವ ಮುನ್ನ ಹಲಸಿಗೋ ಮಾವಿಗೋ ಬಾಳೆನಾರಿನಿಂದ ಕಟ್ಟಿ. ಮಳೆಗಾಲ ಕಳೆಯುವುದರೊಳಗೆ ಬೇರು ಕಚ್ಚುತ್ತದೆ. ಇದಕ್ಕೆ ಖರ್ಚಿಲ್ಲ, ಸಂಘದ ಠರಾವೂ ಬೇಕಿಲ್ಲ.

ಹಿರಿಯರ ಗಿಡವನ್ನು ಕೊಳೆತ ಬೇರು ಕತ್ತರಿಸಿ, ಇದ್ದಿಲಿಗೆ ಬದಲಿಸಿ, ಪೂರ್ವದ ಜಗಲಿಗೆ ತಂದಿಟ್ಟೆವು. ಹೂ ಇನ್ನೂ ಬಂದಿಲ್ಲ. ಹೊಸ ಬೇರೊಂದು ಹೊರಟಿದೆ. ಯಜಮಾನಿಯವರ ಲೋಟ ಈಗ ವಾರಕ್ಕೆರಡು ಸಲ ಮಾತ್ರ ಅದರತ್ತ ಹೋಗುತ್ತದಂತೆ. ಸ್ಟೀಲ್ ತಂಬಿಗೆಯ ಸಲಹೆಯನ್ನು ಆಡಳಿತ ಮಂಡಳಿಯ ಮುಂದಿಡುವುದು ನನ್ನ ಕರ್ತವ್ಯ, ಇಡುತ್ತೇನೆ. ತೀರ್ಮಾನವನ್ನು ಮಾತ್ರ ಈ ಚಳಿಗಾಲ ಕಳೆಯುವವರೆಗೆ ತಡೆಹಿಡಿಯಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.

– ಕಾರ್ಯದರ್ಶಿ