ಯಾರ್ ನೋಡ್ತಾರೆ ಸಾರ್?

ಮೊನ್ನೆ ಸಕಲೇಶಪುರದ ಹತ್ರ ಒಂದು ಹಳೇ ಜಿಪ್ಸಿ ನೋಡೋಕೆ ಹೋಗಿದ್ದೆ. ಫೋರ್ ವ್ಹೀಲ್ ಡ್ರೈವು, ಮೈತುಂಬ ಹೊಸ ಬಣ್ಣ, ಹಿಂದಿನ ಸೀಟಿನ ಬೆನ್ನಿಗೆ ಗ್ಯಾಸ್ ಟ್ಯಾಂಕು. ಆರ್‌ಸಿ ತೆಗೆದು ನೋಡಿದ್ರೆ ಬರೀ 'ಪೆಟ್ರೋಲ್' ಅಂತಿದೆ! ಕೇಳಿದ್ದಕ್ಕೆ "ಯಾರ್ ನೋಡ್ತಾರೆ ಸಾರ್?" ಅಂದ ಮಾರೋ ಪುಣ್ಯಾತ್ಮ.

ಗಾಡಿ ಸುಟ್ಟ ದಿನ ಇನ್ಶೂರೆನ್ಸಿನವರು ನೋಡ್ತಾರೆ ಸ್ವಾಮೀ! ಇಂಧನ ಬದಲಿಸಿದ್ರೆ ಆರ್‌ಸಿಯಲ್ಲಿ ನಮೂದಾಗಲೇಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದೇ ಅದಕ್ಕೆ. ಟ್ಯಾಂಕ್ ಟೆಸ್ಟ್ ಮಾಡಿಸಿದ ಚೀಟಿಯೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹಾರಿ ಹೋಗಲ್ಲ, ಗಾಡಿಯ ತಳದಲ್ಲೇ ಕೂತಿರುತ್ತೆ. ನಾಲ್ಕು ಕಾಸು ಉಳಿಸೋಕೆ ಹೆಂಡ್ತಿ ಮಕ್ಕಳನ್ನ ಅದರೊಳಗೆ ಕೂರಿಸಿ ಘಾಟಿ ಇಳೀಲಾ?

"ಕಾಗದ ಸರಿ ಮಾಡಿಸಿ ಆಮೇಲೆ ಕರೀರಿ" ಅಂದು ಎದ್ದು ಬಂದೆ. ನೀವೂ ಹಾಗೇ ಮಾಡಿ.